ತರಬೇತಿ ಮುಗಿಯಿತು, ಪಾಠ ಮಾತ್ರ ಹಳೆಯದೇ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯೊಂದರ ಮುಖ್ಯಶಿಕ್ಷಕಿ. ಈ ವರ್ಷ ಹೊಸ ಪಠ್ಯಕ್ರಮ ಬಂದಿದೆ. ಶಿಕ್ಷಕರೆಲ್ಲ ತರಬೇತಿಗೆ ಹೋಗಿ ಬಂದರು, ಪುಸ್ತಕಗಳೂ ಬಂದವು. ಆದರೂ ತರಗತಿಯಲ್ಲಿ ನಡೆಯುತ್ತಿರುವುದು ಹಳೆಯ ಪಾಠವೇ. ಸುತ್ತೋಲೆ ಕಳಿಸಿದೆ, ಮೀಟಿಂಗ್ ಮಾಡಿದೆ. ಹಿರಿಯ ಶಿಕ್ಷಕರೊಬ್ಬರು "ಇಂಥವು ಬರ್ತವೆ, ಹೋಗ್ತವೆ ಮೇಡಂ" ಎಂದು ನಕ್ಕುಬಿಟ್ಟರು. ಇನ್ನೇನು ಮಾಡಲಿ?

ಉತ್ತರ: ಆ ಹಿರಿಯರ ಮೇಲೆ ಸಿಟ್ಟಾಗಬೇಡಿ. ಇಂಥ ಬದಲಾವಣೆಗಳನ್ನು ಅವರು ಎಷ್ಟೋ ನೋಡಿರುತ್ತಾರೆ. ಹೊಸದರಲ್ಲಿ ಯಾವುದು ನಡೆಯಲ್ಲ ಅನ್ನಿಸುತ್ತದೆ ಎಂದು ಅವರನ್ನೇ ಮೊದಲು ಕೇಳಿ. ಅವರ ಆಕ್ಷೇಪಗಳಲ್ಲಿ ಹುರುಳಿರಬಹುದು.

ಸುತ್ತೋಲೆಯಿಂದ ಪಾಠ ಬದಲಾಗುವುದಿಲ್ಲ ಮೇಡಂ. ನ್ಯೂಜಿಲೆಂಡ್‌ನ ಶಿಕ್ಷಣ ಸಂಶೋಧಕಿ ವಿವಿಯನ್ ರಾಬಿನ್ಸನ್ ಮತ್ತು ಅವರ ಇಬ್ಬರು ಸಂಗಡಿಗರು 2008ರಲ್ಲಿ, ಶಾಲಾ ಮುಖ್ಯಸ್ಥರ ಬಗ್ಗೆ ಅದುವರೆಗೆ ಬಂದಿದ್ದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಶಿಕ್ಷಕರ ಕಲಿಕೆಗೆ ಒತ್ತಾಸೆಯಾಗಿ ನಿಂತು, ತಾವೂ ಜೊತೆಗೆ ಕೂತು ಕಲಿಯುವ ಮುಖ್ಯಸ್ಥರಿಂದಲೇ ಮಕ್ಕಳ ಕಲಿಕೆಗೆ ಎಲ್ಲಕ್ಕಿಂತ ಜಾಸ್ತಿ ಪರಿಣಾಮ ಕಂಡಿತು. ಸಂಖ್ಯೆ ದೊಡ್ಡದಾದಷ್ಟೂ ಪರಿಣಾಮ ಜಾಸ್ತಿ ಎನ್ನುವ ಅವರ ಅಳತೆಯಲ್ಲಿ ಅದು 0.84. ಗುರಿ ಹಾಕಿಕೊಡುವುದಕ್ಕೆ 0.42, ಸಂಪನ್ಮೂಲ ಒದಗಿಸುವುದಕ್ಕೆ 0.31 ಅಷ್ಟೇ. ನಾವು ಸಾಮಾನ್ಯವಾಗಿ ಪುಸ್ತಕ ಹಂಚಿ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ, ಅಲ್ವಾ?

ಹಾಗಾಗಿ ಎಲ್ಲ ವಿಷಯಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಗಣಿತ ಒಂದೇ ಸಾಕು, ಅದೂ ಎರಡು ತರಗತಿಯಲ್ಲಿ. ವೇಳಾಪಟ್ಟಿ ನಿಮ್ಮ ಕೈಯಲ್ಲೇ ಇದೆ, ವಾರಕ್ಕೊಂದು ಪೀರಿಯಡ್ ಆ ಇಬ್ಬರು ಶಿಕ್ಷಕರಿಗೂ ಬಿಡುವು ಮಾಡಿಕೊಟ್ಟು ನೀವೂ ಅವರ ಜೊತೆ ಕೂತು ಮುಂದಿನ ಪಾಠವನ್ನು ಓದಿ. ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತು ಆ ಪಾಠ ನೋಡಿ. ಕೈಯಲ್ಲಿ ಫಾರಂ ಹಿಡಿದು ಹೋಗಬೇಡಿ, ಸುಮ್ನೆ ಭಯ ಬೀಳುತ್ತಾರೆ.

ಏನು ನೋಡಬೇಕು? 12 ಬೀಜಗಳನ್ನು ಸಮನಾಗಿ ಎಷ್ಟು ರೀತಿ ಗುಂಪು ಮಾಡಬಹುದು ಎಂದು ಪುಸ್ತಕ ಕೇಳುತ್ತದೆ ಅನ್ನಿ. ಮಕ್ಕಳು ಇನ್ನೂ ಬೀಜ ಎಣಿಸುತ್ತಿರುವಾಗಲೇ ಶಿಕ್ಷಕರು ಬೋರ್ಡಿನ ಮೇಲೆ 3×4=12 ಎಂದು ಬರೆದುಬಿಡುತ್ತಾರೆ. ಎಲ್ಲರ ನೋಟ್‌ಬುಕ್ಕಿನಲ್ಲೂ ಅದೊಂದೇ ಸಾಲು. ಒಂದು ಮಗುವೂ 2×6 ಬರೆದಿಲ್ಲ. ಹೊಸ ಪಾಠ ಕೈತಪ್ಪಿದ್ದು ಅಲ್ಲೇ. ಶಿಕ್ಷಕರಿಗೆ ಅದನ್ನು ತೋರಿಸಿ. ಯಾಕೆ ಅವಸರ ಮಾಡಿದಿರಿ ಎಂದು ಕೇಳಿದರೆ "ಪೋರ್ಷನ್ ಮುಗಿಸಬೇಕಲ್ಲ" ಅನ್ನುತ್ತಾರೆ, ನೋಡಿ ಬೇಕಾದರೆ.

ಈ ಅವಸರ ತಪ್ಪಿಸಲು ನಿಮ್ಮಿಂದ ಮಾತ್ರ ಸಾಧ್ಯ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಹಳೆಯದೇ ಇದ್ದರೆ ಪಾಠವೂ ಹಳೆಯದಕ್ಕೇ ಮರಳುತ್ತದೆ, ಮೊದಲು ಅದನ್ನು ಬದಲಿಸಿ. ಪಾಠ ಹಿಂದೆ ಬಿದ್ದಿದೆ ಎಂದು ಪೋಷಕರೋ ಮೇಲಧಿಕಾರಿಗಳೋ ಕೇಳಿದರೆ ಉತ್ತರ ಕೊಡಬೇಕಾದವರು ನೀವು. ಆ ಮಾತನ್ನು ಶಿಕ್ಷಕರಿಗೆ ಈಗಲೇ ಹೇಳಿಬಿಡಿ.