ಹಳೇ ಖಾತೆಗಳಿರುವ ಸಿನಾಪ್ಸ್ ಸರ್ವರ್‌ಗೆ ಕೀಕ್ಲೋಕ್ ಲಾಗಿನ್ ಜೋಡಿಸುವಾಗ ಏನು ನೋಡಿಕೊಳ್ಳಬೇಕು?

ನಿಮ್ಮ ಸಿನಾಪ್ಸ್ ಚಾಟ್ ಸರ್ವರ್‌ನಲ್ಲಿ ಎಲ್ಲರಿಗೂ ಆಗಲೇ ಪಾಸ್‌ವರ್ಡ್ ಖಾತೆ ಇದೆ. ಈಗ ಕೀಕ್ಲೋಕ್‌ನಿಂದ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್) ಸಿಂಗಲ್ ಸೈನ್-ಆನ್, ಅಂದರೆ ಹಲವು ಸೇವೆಗಳಿಗೆ ಒಂದೇ ಲಾಗಿನ್, ಬೇಕು, ಹಳೇ ಮೆಸೇಜ್ ಹೋಗಬಾರದು ಅಂತ ಕೇಳಿದ್ದೀರಿ. ನಾನು ಇದೇ ಜೋಡಿಯನ್ನು ನೋಡಿಕೊಳ್ಳುತ್ತೇನೆ. ಲಾಗಿನ್ ಕೂರಿಸುವುದು ಸುಲಭ. ಯಾರಿಗೆ ಯಾವ ಖಾತೆ ಅನ್ನೋದನ್ನು ಮೊದಲೇ ಸರಿಯಾಗಿ ಹೊಂದಿಸಿಕೊಳ್ಳಿ, ತಲೆನೋವೆಲ್ಲ ಅಲ್ಲೇ ಇರುವುದು.

ಕೀಕ್ಲೋಕ್‌ನಲ್ಲಿ ಸಿನಾಪ್ಸ್‌ಗಾಗಿ ಒಂದು ಓಪನ್‌ಐಡಿ ಕನೆಕ್ಟ್ (ಲಾಗಿನ್ ಹಂಚಿಕೊಳ್ಳುವ ಪದ್ಧತಿ) ಕ್ಲೈಂಟ್ ಮಾಡಿ, ಅದರ ಐಡಿ, ಸೀಕ್ರೆಟ್ ಎರಡನ್ನೂ ಸಿನಾಪ್ಸ್ ಕಾನ್ಫಿಗ್‌ಗೆ ಹಾಕಿ. ರೀಡೈರೆಕ್ಟ್ ಯುಆರ್‌ಐ (ಲಾಗಿನ್ ಆದ ಮೇಲೆ ವಾಪಸ್ ಕಳಿಸುವ ವಿಳಾಸ) ತಪ್ಪು ಅಂತ ಕೀಕ್ಲೋಕ್ ತಡೆದರೆ, ಸಿನಾಪ್ಸ್‌ನ ಪಬ್ಲಿಕ್ ಬೇಸ್ ಯುಆರ್‌ಎಲ್ ನೋಡಿ. ಅದು ಜನ ಹೊರಗಿನಿಂದ ಬಳಸುವ ಎಚ್‌ಟಿಟಿಪಿಎಸ್ ವಿಳಾಸವೇ ಆಗಿರಬೇಕು.

ಈಗ ಖಾತೆಗಳ ವಿಷಯ. ಚಾಟ್‌ನಲ್ಲಿ 'ರವಿ' ಅನ್ನೋ ಖಾತೆ ಇದೆ, ಕೀಕ್ಲೋಕ್‌ನಲ್ಲೂ ಯೂಸರ್‌ನೇಮ್ 'ರವಿ' ಅಂದುಕೊಳ್ಳಿ. ಸುಮ್ನೆ ಲಾಗಿನ್ ಆದರೆ ಸಿನಾಪ್ಸ್ ಇಬ್ಬರನ್ನೂ ಒಂದೇ ಅಂತ ತಿಳಿಯುವುದಿಲ್ಲ. 'ರವಿ1' ಅಂತ ಹೊಸ ಖಾತೆ ಮಾಡಿಬಿಡುತ್ತದೆ. ಒಂದು ರೂಮೂ ಇಲ್ಲ, ಒಂದು ಮೆಸೇಜೂ ಇಲ್ಲ. ಇದನ್ನು ತಪ್ಪಿಸಲು 'ಅಲೋ ಎಕ್ಸಿಸ್ಟಿಂಗ್ ಯೂಸರ್ಸ್' ಸೆಟ್ಟಿಂಗ್ ಆನ್ ಮಾಡಿ, ಎರಡೂ ಕಡೆಯ ಹೆಸರುಗಳನ್ನು ಮೊದಲೇ ತಾಳೆ ನೋಡಿ.

ಆದರೆ ಹುಷಾರು. ಅದು ಆನ್ ಇರುವಷ್ಟು ದಿನ ಕೀಕ್ಲೋಕ್‌ನಲ್ಲಿ ಆ ಹೆಸರು ಯಾರ ಬಳಿ ಇದೆಯೋ ಖಾತೆ ಅವರ ಕೈಗೆ ಹೋಗುತ್ತದೆ. ಜನ ತಾವೇ ಯೂಸರ್‌ನೇಮ್ ಬದಲಿಸುವ ಅವಕಾಶ ಕೀಕ್ಲೋಕ್‌ನಲ್ಲಿ ಬಂದ್ ಇರಲೇಬೇಕು. ಒಬ್ಬರು ಒಮ್ಮೆ ಲಾಗಿನ್ ಆದ ಮೇಲೆ ಸಿನಾಪ್ಸ್ ಅವರ ಕೀಕ್ಲೋಕ್ ಐಡಿಯನ್ನೇ ನೆನಪಿಟ್ಟುಕೊಳ್ಳುತ್ತದೆ, ಹೆಸರನ್ನಲ್ಲ. ಹಾಗಾಗಿ ಎಲ್ಲರೂ ಬಂದ ಮೇಲೆ ಆ ಸೆಟ್ಟಿಂಗ್ ಆಫ್ ಮಾಡಿ. ಪಾಸ್‌ವರ್ಡ್ ಲಾಗಿನ್ ಮುಚ್ಚುವುದೂ ಆಮೇಲೇ.

ಎನ್‌ಕ್ರಿಪ್ಟ್ ಆದ ರೂಮುಗಳಿದ್ದರೆ, ಯಾರೂ ಲಾಗೌಟ್ ಆಗುವ ಮೊದಲು ರಿಕವರಿ ಕೀ ಎತ್ತಿಟ್ಟುಕೊಳ್ಳಲು ಹೇಳಿ. ಆ ಕೀ ಕೀಕ್ಲೋಕ್‌ಗೆ ಗೊತ್ತೇ ಇರುವುದಿಲ್ಲ. ಖಾತೆ ಸಿಕ್ಕರೂ ಹಳೇ ಮೆಸೇಜ್ ಓದಲು ಆಗದಿದ್ದರೆ ಏನು ಪ್ರಯೋಜನ, ಅಲ್ವಾ?

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೆಲಸ ಬಿಟ್ಟವರನ್ನು ಕೀಕ್ಲೋಕ್‌ನಲ್ಲಿ ಡಿಸೇಬಲ್ ಮಾಡಿದರೆ ಹೊಸ ಲಾಗಿನ್ ಮಾತ್ರ ನಿಲ್ಲುತ್ತದೆ. ಅವರ ಫೋನಿನಲ್ಲಿರುವ ಆ್ಯಪ್ ಹಳೇ ಟೋಕನ್ (ಮೊದಲು ಲಾಗಿನ್ ಆದಾಗ ಸಿಕ್ಕ ಪ್ರವೇಶದ ಗುರುತು) ಮೇಲೆ ನಡೆಯುತ್ತಲೇ ಇರಬಹುದು. ಬ್ಯಾಕ್‌ಚಾನೆಲ್ ಲಾಗೌಟ್ ಹಾಕಿಕೊಳ್ಳಿ, ಅಂದರೆ ಕೀಕ್ಲೋಕ್‌ನಲ್ಲಿ ಲಾಗೌಟ್ ಆದಾಗ ಅದು ನೇರವಾಗಿ ಸಿನಾಪ್ಸ್‌ಗೂ ತಿಳಿಸುವ ವ್ಯವಸ್ಥೆ. ಅದಿದ್ದರೂ ಸಿನಾಪ್ಸ್‌ನ ಅಡ್ಮಿನ್ ಎಪಿಐ (ಅಡ್ಮಿನ್‌ಗಳು ಸರ್ವರ್‌ಗೆ ಆದೇಶ ಕೊಡುವ ದಾರಿ) ಮೂಲಕ ಆ ಖಾತೆಯನ್ನು ಡಿಆಕ್ಟಿವೇಟ್ ಮಾಡಿ. ನಾನು ಕೀಕ್ಲೋಕ್‌ನ ಡಿಸೇಬಲ್, ಸಿನಾಪ್ಸ್‌ನ ಡಿಆಕ್ಟಿವೇಟ್ ಎರಡನ್ನೂ ಒಂದೇ ಸ್ಕ್ರಿಪ್ಟ್‌ನಲ್ಲಿ ಇಟ್ಟಿದ್ದೇನೆ.