ದೂತನಿಗೆ ಕತ್ತರಿ ಹಾಕಬೇಡಿ

ಪತ್ರ: ಕಾಲೇಜು ಹುಡುಗರಿಂದ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ದೊರೆ ಈಡಿಪಸ್’ ಆಡಿಸುತ್ತಿರುವ ಅಧ್ಯಾಪಕರೊಬ್ಬರು ಬರೆಯುತ್ತಾರೆ: ‘ಈಡಿಪಸ್‌ನನ್ನು ಕೆಡವಿದ್ದು ಅವನ ಕೋಪ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ, ಮನಸ್ಸಿನಲ್ಲಿ ನಿಲ್ಲುವುದು ಪಾತ್ರ. ಅರಿಸ್ಟಾಟಲ್ ಕಥಾಸಂವಿಧಾನಕ್ಕೆ ಪಟ್ಟ ಕಟ್ಟಿದ್ದೇಕೆ? ನಾವಂತೂ ಕಾರಿಂಥ್‌ನ ದೂತನ ದೃಶ್ಯ ತೆಗೆದು ನಾಯಕನ ಸ್ವಗತ ಬೆಳೆಸುತ್ತಿದ್ದೇವೆ.’

ಉತ್ತರ: ಮೇಷ್ಟ್ರೇ, ಪತ್ರ ಸೊಗಸಾಗಿದೆ, ಕತ್ತರಿ ಮಾತ್ರ ಕೆಳಗಿಡಿ.

ನಿಮ್ಮ ಮಾತು ಅರ್ಧ ನಿಜ. ಮೂರು ದಾರಿ ಕೂಡುವಲ್ಲಿ ಮುದುಕನೊಬ್ಬನನ್ನು, ಅವನೇ ತನ್ನ ಹೆತ್ತ ತಂದೆ ದೊರೆ ಲೇಯಸ್ ಎಂದರಿಯದೆ, ಈಡಿಪಸ್ ಬಡಿದು ಕೊಂದದ್ದು ಕೋಪದಲ್ಲೇ. ಪಾತ್ರದ ಪರ ಇನ್ನೂ ಗಟ್ಟಿ ಸಾಕ್ಷಿ ಬೇಕಿದ್ದರೆ ಯೂರಿಪಿಡೀಸನ ಮೀಡಿಯಾಳನ್ನು ಕರೆಯಿರಿ: ಮಕ್ಕಳನ್ನು ಕೊಲ್ಲುವುದೋ ಬಿಡುವುದೋ ಎಂದು ಒಂದೇ ಮಾತಿನ ಓಟದಲ್ಲಿ ಮತ್ತೆ ಮತ್ತೆ ಮನಸ್ಸು ಬದಲಿಸುತ್ತಾಳೆ. (ಕ್ರಿ.ಪೂ. 431ರ ಸ್ಪರ್ಧೆಯಲ್ಲಿ ಅದರ ಕವಿಗೆ ಸಿಕ್ಕಿದ್ದು ಮೂರನೆಯ, ಅಂದರೆ ಕಡೆಯ ಸ್ಥಾನ. ಅದನ್ನು ನನ್ನ ವಾದಕ್ಕೆ ಬಳಸಿಕೊಳ್ಳುವುದಿಲ್ಲ.)

ಆದರೆ ಕಥೆ ಬೇರೆ, ಕಥಾಸಂವಿಧಾನ ಬೇರೆ. ‘ಈಡಿಪಸ್’ ಶುರುವಾಗುವ ಹೊತ್ತಿಗೆ ತಂದೆಯ ಕೊಲೆಯೂ ಆಗಿದೆ, ತಾಯಿಯೊಡನೆ ಮದುವೆಯೂ ಆಗಿದೆ. ಬಾಕಿ ಇರುವುದು ಅವನಿಗೆ ಗೊತ್ತಾಗುವುದೊಂದೇ. ಯಾರ ಬಾಯಿಂದ, ಯಾವುದರ ಹಿಂದೆ ಯಾವುದು ಎಂಬುದೇ ಸಂವಿಧಾನ. ‘ಕೊಲೆಗಾರ ನೀನೇ’ ಎಂದು ಕುರುಡ ಕಾಲಜ್ಞಾನಿ ಟೈರೀಸಿಯಸ್ ಆರಂಭದಲ್ಲೇ ಹೇಳಿಬಿಡುತ್ತಾನೆ. ದೊರೆಗೆ ಕೋಪ ಬಾರದಿದ್ದರೆ ನಾಟಕ ಅಲ್ಲಿಗೇ ಮುಗಿಯುತ್ತಿತ್ತು. ಅವನ ಕಿವಿ ಮುಚ್ಚುವುದಕ್ಕೆ ಕವಿ ಆ ಕೋಪವನ್ನು ದುಡಿಸಿಕೊಂಡಿದ್ದಾನೆ.

ಈಗ ನೀವು ಕಳಚಹೊರಟ ಕೀಲು ನೋಡಿ. ಈಡಿಪಸ್‌ನ ಹೆಂಡತಿ (ಅವನಿಗೆ ತಿಳಿಯದ ಹೆತ್ತ ತಾಯಿ) ಜೊಕಾಸ್ಟ ಅಪೊಲೊ ದೇವರಿಗೆ ಹೂಮಾಲೆ, ಧೂಪ ಒಪ್ಪಿಸಿ, ನಮ್ಮ ಭಯ ಕಳೆಯಪ್ಪಾ ಎಂದು ಬೇಡುತ್ತಾಳೆ. ಬೇಡಿ ಮುಗಿಸುತ್ತಲೇ ದೂತ ಬರುತ್ತಾನೆ. ನಿನ್ನನ್ನು ಸಾಕಿದ ಕಾರಿಂಥ್‌ನ ದೊರೆ ತೀರಿಕೊಂಡ, ಪಟ್ಟ ನಿನಗೆ ಎನ್ನುತ್ತಾನೆ. ತಂದೆಯನ್ನು ಕೊಂದು ತಾಯಿಯನ್ನು ಕೂಡುವೆ ಎಂಬ ದೇವವಾಣಿ ನೆನೆದು, ತಾಯಿ ಇನ್ನೂ ಇದ್ದಾಳಲ್ಲ ಎಂದು ಈಡಿಪಸ್ ಅಂಜಿದರೆ, ಆಕೆ ನಿನ್ನ ಹೆತ್ತವಳೇ ಅಲ್ಲ, ಲೇಯಸ್‌ನ ಕುರಿಗಾಹಿಯೊಬ್ಬ ನಿನ್ನನ್ನು ನನ್ನ ಕೈಗಿತ್ತ ಎಂದು ಸಮಾಧಾನ ಹೇಳುತ್ತಾನೆ. ಆ ಸಮಾಧಾನವೇ ಕುತ್ತಿಗೆಗೆ ಬರುತ್ತದೆ. ‘ತಿರುವು’ ಎಂದರೇನೆಂದು ತೋರಿಸಲು ಅರಿಸ್ಟಾಟಲ್ ಎತ್ತಿಕೊಂಡದ್ದು ಇದನ್ನೇ.

ಜೊಕಾಸ್ಟಳಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ, ಒಳಗೆ ಓಡುತ್ತಾಳೆ. ಆ ಕಾಲದ ರಂಗದಲ್ಲಿ ಮಾತಾಡುವ ನಟರು ಮೂವರೇ, ಇಬ್ಬರು ರಂಗದ ಮೇಲೇ ಇದ್ದಾರೆ. ಹಾಗಾಗಿ ಜೊಕಾಸ್ಟಳ ನಟನೇ, ಮೇಳದ ಒಂದು ಚಿಕ್ಕ ಹಾಡು ಮುಗಿಯುವಷ್ಟರಲ್ಲಿ ಮುಖವಾಡ ಬದಲಿಸಿ ಕುರಿಗಾಹಿಯಾಗಿ ಬರಬೇಕು. ಲೇಯಸ್‌ನ ಕೊಲೆಯಿಂದ ಬದುಕಿ ಬಂದ ಸಾಕ್ಷಿಯೂ ಅವನೇ, ಅವನನ್ನು ಕರೆಸಿದ್ದು ಕೊಂದವರು ಒಬ್ಬರೋ ಹಲವರೋ ಎಂದು ಕೇಳಲು. ಆ ಪ್ರಶ್ನೆಯನ್ನು ಕಡೆಗೂ ಯಾರೂ ಕೇಳುವುದೇ ಇಲ್ಲ! ದೂತ ಎದುರಿಗೆ ನಿಂತಿರುವುದರಿಂದ ಮಗುವಿನ ಮಾತೇ ಮುಂದಾಗುತ್ತದೆ. ಅವನನ್ನು ತೆಗೆದರೆ ಕುರಿಗಾಹಿಯ ಗುರುತು ಹಿಡಿಯುವವರಿಲ್ಲ. ಸ್ವಗತವನ್ನು ಎಷ್ಟು ಎಳೆದರೂ ತನಗೆ ಗೊತ್ತಿಲ್ಲದ್ದನ್ನು ನಾಯಕ ಹೇಳಲಾರ.

ತಪ್ಪು ನಿಮ್ಮೊಬ್ಬರದಲ್ಲ. ನಾಯಕನ ಪತನಕ್ಕೆ ಅರಿಸ್ಟಾಟಲ್ ಕೊಡುವ ಕಾರಣ ‘ಹಮಾರ್ಟಿಯಾ’ ಎಂದರೆ ಸ್ವಭಾವದ ದೋಷ ಎಂದು ಗೈಡುಗಳು ಉರು ಹೊಡೆಸಿವೆ. ಅದೇ ಧಾತುವನ್ನು ಹೋಮರ್ ಈಟಿ ಗುರಿ ತಪ್ಪಿದ್ದಕ್ಕೆ ಬಳಸುತ್ತಾನೆ. ‘ಪಾತ್ರಚಿತ್ರಣ ಬರೆಯಿರಿ’ ಎಂಬ ಪ್ರಶ್ನೆಯಿಲ್ಲದೆ ನಮ್ಮ ಪರೀಕ್ಷೆಗಳು ನಡೆಯುವುದಿಲ್ಲ. ಕುರಿಗಾಹಿ ದೂತನಿಗಿಂತ ಮೊದಲು ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿ ನೋಡಿ, ಹಿಂದಿನ ಬೆಂಚೂ ಎದ್ದು ಕೂತೀತು. ನಾಟಕದ ವಿಮರ್ಶೆಗಳಿಗೂ ನಟನ ಕಣ್ಣಂಚಿನ ನೀರೇ ಬೇಕು. ಮುಖವಾಡ ಹಾಕಿ ಆಡಲು ಬರೆದ ನಾಟಕದಲ್ಲಿ ಕಣ್ಣಂಚು ಎಲ್ಲಿಂದ ತರುವುದು?

ಪ್ಲುಟಾರ್ಕ್ ಹೇಳುವ ಕಥೆಯೊಂದಿದೆ. ಉತ್ಸವ ಹತ್ತಿರ ಬಂತು, ನಾಟಕ ಆಯಿತೇ ಎಂದು ಹಾಸ್ಯನಾಟಕಕಾರ ಮಿನಾಂಡರ್‌ನನ್ನು ಕೇಳಿದರಂತೆ. ಆಗಿದೆ, ಸಂವಿಧಾನ ಕಟ್ಟಿಟ್ಟಿದ್ದೇನೆ, ಪದ್ಯ ಸೇರಿಸುವುದಷ್ಟೇ ಬಾಕಿ ಎಂದನಂತೆ.

ಹೊತ್ತು ಸಾಲದಿದ್ದರೆ ಜೊಕಾಸ್ಟಳ ತಮ್ಮ ಕ್ರಿಯಾನ್ ಜೊತೆಗಿನ ಜಗಳವನ್ನು ಮೊಟಕು ಮಾಡಿ, ಅಲ್ಲಿ ನಿಮ್ಮ ಕೋಪ ಬೇಕಾದಷ್ಟು ಸುರಿದಿದೆ. ಜೊಕಾಸ್ಟ ಬಂದು ಬಿಡಿಸುವ ಜಾಗವನ್ನು ಮಾತ್ರ ಮುಟ್ಟಬೇಡಿ. ಗಂಡನನ್ನು ಸಂತೈಸಲು ಹೋಗಿ ಆಕೆ ಮೂರು ದಾರಿಯ ಮಾತೆತ್ತುವುದು ಅಲ್ಲಿಂದಲೇ.