ಅಳಿಯನ ಕಾರು, ಮಾವನ ಡ್ರೈವಿಂಗ್, ನೂರು ಪೌಂಡಿನ ನೋಟಿಸ್

ಪ್ರಶ್ನೆ: ನಮ್ಮ ಮಗಳು, ಅಳಿಯ ಇಂಗ್ಲೆಂಡಿನಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ವಾಪಸ್ ಹೊರಡಲು ಎರಡು ದಿನ ಇದೆ ಎನ್ನುವಾಗ ಮಗುವಿಗೆ ಜ್ವರ ಬಂತು. ಅಳಿಯ ಕೆಲಸಕ್ಕೆ ಹೋಗಿದ್ದ. ಅವನ ಕಾರಿನಲ್ಲಿ ಮಗಳನ್ನೂ ಮಗುವನ್ನೂ ಸರ್ಕಾರಿ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಕಾರಿನ ಇನ್ಶೂರೆನ್ಸಿನಲ್ಲಿ ನನ್ನ ಹೆಸರೂ ಇತ್ತು. ಪಾರ್ಕಿಂಗ್ ಮಿಷನ್ನಿನಲ್ಲಿ ಮೂರು ಗಂಟೆಗೆ ದುಡ್ಡು ಕಟ್ಟಿದೆ. ರಕ್ತ ಪರೀಕ್ಷೆಯ ರಿಪೋರ್ಟ್ ತಡವಾಗಿ, ಹೊರಗೆ ಬರುವಾಗ ಒಟ್ಟು 5 ಗಂಟೆ 40 ನಿಮಿಷ ಕಳೆದಿತ್ತು. ನಾವು ಊರಿಗೆ ಬಂದ ಮೇಲೆ, ಕಾರು ನಿಲ್ಲಿಸಿದ ದಿನದಿಂದ ಒಂಬತ್ತನೇ ದಿನ, ಅಳಿಯನ ಹೆಸರಿಗೆ ಖಾಸಗಿ ಪಾರ್ಕಿಂಗ್ ಕಂಪನಿಯ ನೋಟಿಸ್ ಬಂದಿದೆ. 100 ಪೌಂಡ್ ಕಟ್ಟಬೇಕಂತೆ, 14 ದಿನದೊಳಗೆ ಕಟ್ಟಿದರೆ 60 ಸಾಕಂತೆ. ಅಳಿಯ ಕಟ್ಟಿಬಿಡೋಣ ಎನ್ನುತ್ತಾನೆ. ಅವನ ಸ್ನೇಹಿತ, ಖಾಸಗಿ ನೋಟಿಸಿಗೆ ಬೆಲೆ ಇಲ್ಲ, ಹರಿದು ಬಿಸಾಕು ಎಂದನಂತೆ. ಮುಂದಿನ ವರ್ಷ ನಮಗೆ ವೀಸಾ ಸಿಗದೇ ಹೋದರೆ ಎಂದು ನನ್ನ ಹೆಂಡತಿಗೆ ನಿದ್ದೆಯಿಲ್ಲ. ಏನು ಮಾಡಬೇಕು?
– ಒಬ್ಬ ಕಾಫಿ ಬೆಳೆಗಾರ, ಪೊನ್ನಂಪೇಟೆ

ಉತ್ತರ: ನಿಮ್ಮ ಪತ್ರ ನನ್ನ ಕೈಗೆ ಬಂದಾಗ ಆ 14 ದಿನದಲ್ಲಿ ಮೂರೇ ದಿನ ಉಳಿದಿತ್ತು. ಪತ್ರಿಕೆ ಅಚ್ಚಾಗುವವರೆಗೆ ಕಾದರೆ ಕೆಲಸ ಕೆಟ್ಟಿತು ಎಂದು ಸಂಪಾದಕರಿಂದ ನಂಬರ್ ಪಡೆದು ನಿಮಗೆ ಫೋನ್ ಮಾಡಿದ್ದೆ. ಅಂದು ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕೊಡಗಿನಲ್ಲಿ ಮಕ್ಕಳು ಹೊರದೇಶದಲ್ಲಿಲ್ಲದ ಮನೆ ಹುಡುಕುವುದೇ ಕಷ್ಟ. ಇನ್ನೊಬ್ಬರಿಗೆ ಉಪಯೋಗಕ್ಕೆ ಬರಲಿ.

ಮೊದಲು ನಿಮ್ಮ ಮನೆಯವರ ನಿದ್ದೆಯ ವಿಚಾರ. ಇದು ಅಪರಾಧ ಅಲ್ಲ. ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ, ಲೈಸೆನ್ಸಿನ ಮೇಲೆ ಪಾಯಿಂಟ್ ಬೀಳುವುದಿಲ್ಲ. ಅಲ್ಲಿ ನಗರಸಭೆ ಕೊಡುವುದು ಪೆನಾಲ್ಟಿ ಚಾರ್ಜ್ ನೋಟಿಸ್. ಖಾಸಗಿ ಕಂಪನಿ ಕೊಡುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಎರಡನ್ನೂ ಪಿಸಿಎನ್ ಎಂದೇ ಕರೆಯುತ್ತಾರೆ, ನೋಡಲೂ ಅಣ್ಣತಮ್ಮಂದಿರ ಹಾಗಿರುತ್ತವೆ. ಮೊದಲನೆಯದು ದಂಡ. ಎರಡನೆಯದು 'ನಮ್ಮ ಬೋರ್ಡ್ ಓದಿ ಗಾಡಿ ನಿಲ್ಲಿಸಿದಿರಿ, ಆ ಕರಾರು ಮುರಿದಿರಿ, ದುಡ್ಡು ಕೊಡಿ' ಎಂಬ ಬೇಡಿಕೆ. ನಿಮ್ಮದು ಎರಡನೆಯದು.

ಹಾಗೆಂದು ಹರಿದು ಬಿಸಾಕಬೇಡಿ. ಅಳಿಯನ ಸ್ನೇಹಿತ ಹೇಳಿದ್ದು ಬಹಳ ಹಳೆಯ ಮಾತು. ಚೆಲ್ಮ್ಸ್‌ಫರ್ಡ್ ಎಂಬ ಊರಿನ ಅಂಗಡಿ ಸಂಕೀರ್ಣದಲ್ಲಿ ಬ್ಯಾರಿ ಬೀವಿಸ್ ಎನ್ನುವವರು ಎರಡು ಗಂಟೆಯ ಉಚಿತ ಪಾರ್ಕಿಂಗ್ ಮುಗಿದ ಮೇಲೂ 56 ನಿಮಿಷ ಕಾರು ನಿಲ್ಲಿಸಿದ್ದರು. 85 ಪೌಂಡ್ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. 2015ರ ನವೆಂಬರಿನಲ್ಲಿ ಸೋತರು. ಅಲ್ಲಿಂದ ಈಚೆಗೆ 'ಖಾಸಗಿಯದಕ್ಕೆ ಬೆಲೆ ಇಲ್ಲ' ಎನ್ನುವುದು ಸುಮ್ನೆ ಬಾಯಿಮಾತು. ಸುಮ್ಮನೆ ಕೂತರೆ ಸಾಲ ವಸೂಲಿಯವರ ಪತ್ರಗಳು ಬರುತ್ತವೆ, ಮೊತ್ತ ಏರುತ್ತದೆ. ಆ ಪತ್ರಗಳಿಗೆ ಹೆದರಬೇಕಾಗಿಲ್ಲ, ಅವರಿಗೆ ಮನೆಯ ಸಾಮಾನು ಮುಟ್ಟುವ ಅಧಿಕಾರ ಇಲ್ಲ. ಆದರೆ ಕೌಂಟಿ ಕೋರ್ಟಿನಿಂದ ದಾವೆಯ ಕಾಗದ ಬಂದರೆ ಅದು ಬೇರೆ ಮಾತು. ಅದಕ್ಕೂ ಉತ್ತರ ಕೊಡದಿದ್ದರೆ ತೀರ್ಪು ಅಳಿಯನ ವಿರುದ್ಧ ಆಗುತ್ತದೆ. ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಅದು ಆರು ವರ್ಷ ಅವನ ಸಾಲದ ದಾಖಲೆಯಲ್ಲಿ ಉಳಿಯುತ್ತದೆ. ನಾಳೆ ಮನೆ ಸಾಲಕ್ಕೆ ಹೋದಾಗ ಕಾಲಿಗೆ ತೊಡರುವುದು ಅದೇ. ಬ್ರಿಟನ್ ವೀಸಾ ಅರ್ಜಿಯಲ್ಲೂ ಸಾಲ ಕಟ್ಟದೆ ಕೋರ್ಟ್ ತೀರ್ಪು ಆಗಿದೆಯೇ ಎಂದು ಕೇಳುತ್ತಾರೆ. ಪಾರ್ಕಿಂಗ್ ನೋಟಿಸ್ ಬಂದಿದೆಯೇ ಎಂದು ಕೇಳುವುದಿಲ್ಲ. ನಿಮ್ಮ ಮೇಲೆ ಯಾವ ತೀರ್ಪೂ ಇಲ್ಲ. ಮನೆಯವರಿಗೆ ಇಷ್ಟು ಹೇಳಿ.

ಈಗ ನನ್ನ ಕಥೆ. ನಾನು ಮಡಿಕೇರಿ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಒಟ್ಟು 31 ವರ್ಷ ಬೇರೆಯವರ ದಾವೆ, ತಕರಾರು ಓದಿದ ಕಣ್ಣು. ಕೆಲವು ವರ್ಷದ ಹಿಂದೆ ಚಳಿಗಾಲದಲ್ಲಿ ಇಂಗ್ಲೆಂಡಿನಲ್ಲಿ ಮಗನ ಮನೆಯಲ್ಲಿದ್ದಾಗ ನನ್ನ ಹೆಂಡತಿ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಮಡಿಕೇರಿಯ ಮಳೆಯಲ್ಲಿ ನಲವತ್ತು ವರ್ಷ ಪಾಚಿಗಟ್ಟಿದ ಅಂಗಳದಲ್ಲಿ ಜಾರದವಳು ಅಲ್ಲಿ ಬಿದ್ದಳು. ಮಗ ಎರಡು ಗಂಟೆಗೆ ದುಡ್ಡು ಕಟ್ಟಿದ್ದ. ಎಕ್ಸ್‌ರೇ, ಕಾಯುವುದು, ಪಟ್ಟಿ, ಮತ್ತೆ ಕಾಯುವುದು. ಏಳು ಗಂಟೆ ಆಯಿತು. ನೋಟಿಸ್ ಬಂತು.

ನನಗೆ ಆವೇಶ ಬಂತು. ಮಗನ ಹೆಸರಿನಲ್ಲಿ ಕಂಪನಿಗೆ ನಾಲ್ಕು ಪುಟ ಬರೆದೆ. ಸಹಜ ನ್ಯಾಯ, ಮಾನವೀಯತೆ, ವೃದ್ಧಾಪ್ಯ, ಒಂದನ್ನೂ ಬಿಡಲಿಲ್ಲ. ಎರಡು ಸಾಲಿನಲ್ಲಿ ತಿರಸ್ಕರಿಸಿ ಕಳಿಸಿದರು. ಮಗ ನಕ್ಕ. ಅವನ ಪಕ್ಕದ ಮನೆಯಲ್ಲಿದ್ದ ಮಲಯಾಳಿ ನರ್ಸ್ ಹುಡುಗಿ ನೋಟಿಸ್ ನೋಡಿ, "ಅಂಕಲ್, ಕಂಪನಿ ಹತ್ತಿರ ಯಾಕೆ ಜಗಳ? ಜಾಗ ಆಸ್ಪತ್ರೆಯದು. ಪ್ಯಾಲ್ಸ್‌ಗೆ ಬರೆಯಿರಿ" ಎಂದಳು. ಹನ್ನೊಂದು ಸಾಲು ಬರೆದೆ. ಸುಮಾರು ಹತ್ತು ದಿನಕ್ಕೆ ರದ್ದಾಯಿತು ಎಂದು ಉತ್ತರ ಬಂತು. 31 ವರ್ಷದ ಅನುಭವಕ್ಕಿಂತ ಆ ಹುಡುಗಿಯ ಒಂದು ಮಾತು ಕೆಲಸಕ್ಕೆ ಬಂತು ಅಲ್ವಾ.

ಪ್ಯಾಲ್ಸ್ ಅಂದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ದೂರು, ಕಷ್ಟ ಕೇಳಲೆಂದೇ ಇರುವ ವಿಭಾಗ. ಇಂಗ್ಲೆಂಡಿನ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆಸ್ಪತ್ರೆಗಳ ಪಾರ್ಕಿಂಗಿಗೆ ಸರ್ಕಾರದ ಮಾರ್ಗಸೂಚಿ ಇದೆ. ಚಿಕಿತ್ಸೆ ಅಂದುಕೊಂಡಿದ್ದಕ್ಕಿಂತ ತಡವಾದರೆ, ಅಂದರೆ ತಡ ಚಾಲಕನ ಕೈಮೀರಿದ್ದಾದರೆ, ಹೆಚ್ಚುವರಿ ಶುಲ್ಕ ಬಿಟ್ಟುಬಿಡಬೇಕು ಎಂದು ಅದರಲ್ಲೇ ಹೇಳಿದೆ. ನೋಟಿಸ್ ಹೆಚ್ಚು ಹಾಕಿದಷ್ಟೂ ಕಂಪನಿಗೆ ಲಾಭ ಎನ್ನುವಂಥ ಗುತ್ತಿಗೆ ಕೊಡಬಾರದು ಎಂದೂ ಇದೆ. ಇದು ಕಾಯ್ದೆ ಅಲ್ಲ, ಮಾರ್ಗಸೂಚಿ. ಆದರೂ ಆಸ್ಪತ್ರೆಯವರ ಮುಂದೆ ಅವರ ಇಲಾಖೆಯ ಮಾತನ್ನೇ ಇಟ್ಟರೆ ತೂಕ ಬೇರೆ. ವೇಲ್ಸ್, ಸ್ಕಾಟ್ಲೆಂಡಿನ ಆಸ್ಪತ್ರೆಗಳಲ್ಲಿ ಪಾರ್ಕಿಂಗ್ ಉಚಿತ. ನಿಮ್ಮ ಅಳಿಯನ ನಸೀಬು ಇಂಗ್ಲೆಂಡ್.

ಪತ್ರ ಹೀಗಿರಲಿ, ಇಂಗ್ಲಿಷಿನಲ್ಲಿ ಅಳಿಯನೇ ಬರೆಯಲಿ:

"ಇಂಥ ದಿನ, ಇಂಥ ಹೊತ್ತಿಗೆ ನನ್ನ ಮಗುವನ್ನು ಜ್ವರಕ್ಕೆಂದು ನಿಮ್ಮ ಮಕ್ಕಳ ವಿಭಾಗಕ್ಕೆ ತಂದರು. ಕಾರಿಗೆ ಮೂರು ಗಂಟೆಯ ಪಾರ್ಕಿಂಗ್ ಕಟ್ಟಲಾಗಿತ್ತು, ರಸೀದಿ ಇದೆ. ರಕ್ತದ ರಿಪೋರ್ಟ್ ಬರುವವರೆಗೆ ಹೋಗಬಾರದೆಂದು ಡಾಕ್ಟರ್ ಹೇಳಿದರು. ಬಿಡುಗಡೆಯ ಕಾಗದ ಇದರ ಜೊತೆಗಿದೆ, ಅದರಲ್ಲಿ ಸಮಯ ನಮೂದಾಗಿದೆ. ತಡ ನಮ್ಮ ಕೈಮೀರಿದ್ದು. ಉಳಿದ ಸಮಯದ ಮಾಮೂಲಿ ಶುಲ್ಕ ಕಟ್ಟಲು ಸಿದ್ಧ. ಈ ನೋಟಿಸ್ ರದ್ದು ಮಾಡುವಂತೆ ಪಾರ್ಕಿಂಗ್ ಕಂಪನಿಗೆ ತಿಳಿಸಬೇಕಾಗಿ ವಿನಂತಿ."

ಇಷ್ಟೇ. ನೋಟಿಸಿನ ನಂಬರ್, ಕಾರಿನ ನಂಬರ್ ಮೇಲೆ ಇರಲಿ. ಬೈಗುಳ ಬೇಡ. ಮಗುವಿನ ಜ್ವರ ಎಷ್ಟು ಡಿಗ್ರಿ ಇತ್ತು ಎಂಬ ವರ್ಣನೆ ಬೇಡ. 'ಉಳಿದ ಶುಲ್ಕ ಕಟ್ಟಲು ಸಿದ್ಧ' ಎನ್ನುವ ಸಾಲು ಮಾತ್ರ ಬಿಡಬೇಡಿ. ಮುಫತ್ತಾಗಿ ಕೇಳುತ್ತಿಲ್ಲ ಎನ್ನುವುದು ಓದುವವರಿಗೆ ಗೊತ್ತಾಗಬೇಕು.

'ತಂದರು' ಎಂದು ಬರೆದದ್ದು ನೋಡಿದಿರಾ? ಯಾರು ತಂದರು ಎಂದಿಲ್ಲ. ಇದು ಸುಳ್ಳಲ್ಲ. ಕಾರು ಓಡಿಸಿದವರು ಯಾರು ಎಂದು ಖಾಸಗಿ ಕಂಪನಿಗೆ ಹೇಳಲೇಬೇಕೆಂಬ ಕಡ್ಡಾಯ ಇಲ್ಲ. ಕಂಪನಿಗೆ ಅಳಿಯನ ವಿಳಾಸ ಸಿಕ್ಕಿದ್ದು ಅಲ್ಲಿನ ವಾಹನ ನೋಂದಣಿ ಕಚೇರಿಯಿಂದ, ಒಂದು ವಿಳಾಸಕ್ಕೆ ಎರಡೂವರೆ ಪೌಂಡ್ ಕೊಟ್ಟು. ಚಾಲಕ ಯಾರೆಂದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದಾಗ ಕಾರಿನ ನೋಂದಾಯಿತ ಹೊಣೆಗಾರನ, ಅಂದರೆ ಅಳಿಯನ ಮೇಲೆ ವಸೂಲಿಗೆ ಹೋಗಬೇಕೆಂದರೆ 2012ರ ಒಂದು ಕಾಯ್ದೆಯ ನಿಯಮಗಳನ್ನು ಪಾಲಿಸಬೇಕು. ಗಾಜಿಗೆ ನೋಟಿಸ್ ಅಂಟಿಸದೆ ಕ್ಯಾಮೆರಾ ಫೋಟೋದ ಮೇಲೆ ಕಳಿಸಿದ್ದಾದರೆ, ಮಾರನೇ ದಿನದಿಂದ ಎಣಿಸಿ 14 ದಿನದೊಳಗೆ ಅದು ಮನೆಗೆ ಮುಟ್ಟಬೇಕು. ನಿಮ್ಮದು ಒಂಬತ್ತನೇ ದಿನ ಮುಟ್ಟಿದೆ, ಹಾಗಾಗಿ ನೋಟಿಸ್ ತಡವಾಗಿ ಬಂತು ಎಂದು ವಾದಿಸುವ ದಾರಿ ನಿಮಗೆ ಮುಚ್ಚಿದೆ. ಹದಿನೇಳು ಹದಿನೆಂಟನೇ ದಿನಕ್ಕೆ ಬಂದವರು ಮಾತ್ರ ಲಕೋಟೆ ಎಸೆಯದೆ ಇಟ್ಟುಕೊಳ್ಳಿ.

ಪ್ಯಾಲ್ಸ್‌ಗೆ ಬರೆದೆವೆಂದು ಕಂಪನಿಯನ್ನು ಮರೆಯುವಂತಿಲ್ಲ. ಇಲ್ಲೇ ಜನ ಎಡವುವುದು. ಆಸ್ಪತ್ರೆ ನಿಧಾನ, ಕಂಪನಿಯ ಗಡಿಯಾರ ನಿಲ್ಲುವುದಿಲ್ಲ. ಅದೇ ದಿನ ಕಂಪನಿಯ ವೆಬ್‌ಸೈಟಿನಲ್ಲೂ ಮೇಲ್ಮನವಿ ಹಾಕಬೇಕು. ಅದಕ್ಕೆ 28 ದಿನ ಇದೆ. ಆದರೆ 14ರೊಳಗೆ ಹಾಕಿದರೆ ಒಳ್ಳೆಯದು. ತಿರಸ್ಕರಿಸಿದರೂ ಸಾಮಾನ್ಯವಾಗಿ 60 ಪೌಂಡಿನ ಅವಕಾಶ ಮತ್ತೊಮ್ಮೆ ಕೊಡುತ್ತಾರೆ. ಮನವಿ ಸೇರಿದ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ.

ಕಂಪನಿ ತಿರಸ್ಕರಿಸಿದರೆ ಮೇಲೆ ಇನ್ನೊಂದು ಮೆಟ್ಟಿಲಿದೆ, ಕಂಪನಿಯ ಹೊರಗಿನ ಮೇಲ್ಮನವಿ ಸಂಸ್ಥೆ. ಆ ಕಂಪನಿ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ನಿನ ಸದಸ್ಯನಾದರೆ ಪೊಪ್ಲಾ, ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿಯ ಸದಸ್ಯನಾದರೆ ಐಎಎಸ್ ಎಂಬ ಸಂಸ್ಥೆ (ನಮ್ಮ ಐಎಎಸ್ ಅಲ್ಲ). ಯಾವುದೆಂದು ತಿರಸ್ಕಾರದ ಪತ್ರದಲ್ಲೇ ಬರೆದಿರುತ್ತದೆ. ಪೊಪ್ಲಾಕ್ಕೆ ಫೀಸ್ ಇಲ್ಲ. ಅದರ ತೀರ್ಪು ಕಂಪನಿ ಒಪ್ಪಲೇಬೇಕು, ನೀವು ಒಪ್ಪಲೇಬೇಕೆಂದಿಲ್ಲ. ಆದರೆ ಅಲ್ಲಿಗೆ ಹೋದ ಮೇಲೆ 60ರ ಮಾತು ಮರೆಯಬೇಕು. ಮತ್ತೊಂದು ವಿಷಯ, ಪೊಪ್ಲಾದವರು ನೋಡುವುದು ನೋಟಿಸ್ ಕ್ರಮಬದ್ಧವೇ, ಬೋರ್ಡ್ ಸರಿಯಾಗಿ ಕಾಣುತ್ತಿತ್ತೇ, ಆ ಜಾಗದಲ್ಲಿ ವಸೂಲಿ ಮಾಡಲು ಕಂಪನಿಗೆ ಅಧಿಕಾರ ಇದೆಯೇ ಎನ್ನುವುದನ್ನು. ಮಗು ಅಳುತ್ತಿತ್ತು ಎನ್ನುವುದಕ್ಕೆ ಅಲ್ಲಿ ಮರುಗಬಹುದು, ಅಷ್ಟರಿಂದಲೇ ರದ್ದು ಮಾಡುವುದು ಕಡಿಮೆ. ಅದಕ್ಕೇ ಆಸ್ಪತ್ರೆಯ ಬಾಗಿಲನ್ನು ಮೊದಲು ತಟ್ಟಿ ಎಂದದ್ದು. ಕರುಣೆ ತೋರಿಸುವ ಅಧಿಕಾರ ಇರುವುದು ಜಾಗದ ಒಡೆಯನಿಗೆ.

ಹತ್ತು ಹದಿನೈದು ನಿಮಿಷದ ಜಗಳ ಇರುವವರಿಗೆ ಒಂದು ಮಾತು. ಕ್ಯಾಮೆರಾ ಎಣಿಸುವುದು ಗೇಟಿನೊಳಗೆ ಬಂದದ್ದರಿಂದ ಹೊರಗೆ ಹೋಗುವವರೆಗೆ. ಜಾಗ ಹುಡುಕುತ್ತಾ ಸುತ್ತಿದ್ದೂ ಅದರಲ್ಲಿ ಸೇರುತ್ತದೆ. ಈ ಎರಡೂ ಸಂಘಗಳು 2024ರಲ್ಲಿ ಒಂದೇ ನೀತಿಸಂಹಿತೆ ಮಾಡಿಕೊಂಡಿವೆ. ಅದರಂತೆ ಕಟ್ಟಿದ ಸಮಯ ಮುಗಿದ ಮೇಲೆ ಕನಿಷ್ಠ 10 ನಿಮಿಷದ ರಿಯಾಯಿತಿ ಕೊಡಬೇಕು. ಶುಲ್ಕ 100 ಪೌಂಡ್ ದಾಟಬಾರದು ಎನ್ನುವುದೂ ಅದರಲ್ಲಿದೆ. ನಿಮ್ಮದು ಎರಡು ಗಂಟೆ ನಲವತ್ತು ನಿಮಿಷ ಜಾಸ್ತಿ, ಈ ಹತ್ತು ನಿಮಿಷ ನಿಮ್ಮನ್ನು ಉಳಿಸುವುದಿಲ್ಲ.

ಹಾಗಾದರೆ ಅಳಿಯ ಹೇಳಿದಂತೆ 60 ಕಟ್ಟಿ ಮುಗಿಸುವುದು ತಪ್ಪಾ? ತಪ್ಪೇನಿಲ್ಲ. ಪುಟ್ಟ ಮಗು ಇರುವ ಮನೆ, ರಾತ್ರಿ ನಿದ್ದೆಯಿಲ್ಲ, ಅವನಿಗೆ ಅವನ ಕಷ್ಟ. ಆದರೆ ಕಟ್ಟಿದರೆ ಮುಗಿಯಿತು, ಆಮೇಲೆ ಮೇಲ್ಮನವಿ ಇಲ್ಲ. ನಿಮ್ಮ ಬಳಿ ರಸೀದಿ ಇದೆ, ಆಸ್ಪತ್ರೆಯ ಕಾಗದ ಇದೆ. ಮೊದಲ ಸುತ್ತಿಗೆ ಖರ್ಚು ಅರ್ಧ ಗಂಟೆ. ಅಷ್ಟು ಮಾಡಿ ನೋಡಲಿ. ಎರಡೂ ಕಡೆ ಇಲ್ಲ ಎಂದರೆ ಆಗ 60 ಕಟ್ಟಿ ಕೈತೊಳೆದುಕೊಳ್ಳಲಿ. ಆ ದುಡ್ಡು ನೀವೇ ಕೊಡುತ್ತೇನೆ ಎಂದು ಫೋನಿನಲ್ಲಿ ಹೇಳಿದಿರಿ. ಅದು ಮಾವ ಅಳಿಯನ ವಿಚಾರ, ನಾನು ಬಾಯಿ ಹಾಕುವುದಿಲ್ಲ. ಅಳಿಯ ಎರಡೂ ಮನವಿ ಕಳಿಸಿದ್ದಾನೆ ಎಂದು ನಿಮ್ಮಿಂದ ಮೆಸೇಜ್ ಬಂತು. ಆಸ್ಪತ್ರೆಯ ಉತ್ತರ ಬಂದ ಮೇಲೆ ತಿಳಿಸಿ.

ಪ್ರಶ್ನೆ: ಅತ್ತೆಯನ್ನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ತೋರಿಸಲು ಹೋಗಿದ್ದೆವು. ಗಡಿಬಿಡಿಯಲ್ಲಿ ಪಾರ್ಕಿಂಗ್ ಟೋಕನ್ ಕಳೆದುಹೋಯಿತು. 200 ರೂಪಾಯಿ ದಂಡ ಕಟ್ಟದೆ ಕಾರು ಬಿಡುವುದಿಲ್ಲ ಎಂದರು. ರಸೀದಿಯೂ ಕೊಡಲಿಲ್ಲ. ಕೇಸ್ ಹಾಕಬಹುದಾ?
– ಒಬ್ಬ ಗೃಹಿಣಿ, ಸೋಮವಾರಪೇಟೆ

ಉತ್ತರ: ಹಾಕಬಹುದು ತಾಯಿ. ಅದಕ್ಕೆ ಮೈಸೂರಿಗೆ ಅಲೆಯಬೇಕಾಗಿಯೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅಂದರೆ ಮಡಿಕೇರಿಯಲ್ಲಿ. ಎರಡು ವರ್ಷದೊಳಗೆ ಕೊಡಬೇಕು. ಇಷ್ಟು ಸಣ್ಣ ಮೊತ್ತಕ್ಕೆ ಫೀಸ್ ಇಲ್ಲ. ಆದರೆ ರಸೀದಿಯೇ ಇಲ್ಲದೆ ಏನು ತೋರಿಸುತ್ತೀರಿ? ಗೂಗಲ್ ಪೇ, ಫೋನ್ ಪೇಯಲ್ಲಿ ಕಟ್ಟಿದ್ದರೆ ಅದೇ ಸಾಕ್ಷಿ. ನಗದು ಕೊಟ್ಟಿದ್ದರೆ ಕಷ್ಟ.

200 ರೂಪಾಯಿಗೆ ಸೋಮವಾರಪೇಟೆಯಿಂದ ಮಡಿಕೇರಿಗೆ ನಾಲ್ಕು ಸಲ ಬಸ್ಸಿನಲ್ಲಿ ಓಡಾಡಿ ಎಂದು ನಾನಂತೂ ಹೇಳುವುದಿಲ್ಲ. ಆಸ್ಪತ್ರೆಯ ಆಡಳಿತಾಧಿಕಾರಿಗೆ ಒಂದು ಇಮೇಲ್ ಬರೆಯಿರಿ. ಅತ್ತೆಯ ಒಪಿಡಿ ಚೀಟಿಯ ನಂಬರ್, ದಿನ, ಹೊತ್ತು ಹಾಕಿ, ರಸೀದಿ ಇಲ್ಲದೆ ದುಡ್ಡು ತೆಗೆದುಕೊಂಡರು ಎನ್ನುವುದನ್ನೇ ಮೊದಲ ಸಾಲಿನಲ್ಲಿ ಹೇಳಿ. ಗೇಟಿನ ಹುಡುಗನ ಜೇಬಿಗೆ ಹೋಗಿದ್ದರೆ ಅವರಿಗೂ ಗೊತ್ತಾಗಲಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ, ಕನ್ನಡದಲ್ಲೇ ಮಾತಾಡಬಹುದು. ಇನ್ನು ಮುಂದೆ ಟೋಕನ್ ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ಅದರ ಫೋಟೋ ತೆಗೆಯಿರಿ. ಕಾರು ನಿಮ್ಮದೇ ಎನ್ನಲು ಆರ್‌ಸಿ ಡಿಜಿಲಾಕರಿನಲ್ಲಿ ಇರಲಿ. ಅತ್ತೆಯವರ ಆರೋಗ್ಯ ಹೇಗಿದೆ ಎಂದು ನೀವು ಬರೆಯಲೇ ಇಲ್ಲ.